ರೂಮು ಬುಕ್ ಮಾಡುವ ಮುನ್ನ: ಹಣ ಕೈತಪ್ಪದಿರಲು ಎಂಟು ಸೂತ್ರಗಳು

ದಸರೆಗೆ ಮೈಸೂರಿಗೆ ಹೋಗಬೇಕೆನ್ನುವವರು ತಿಂಗಳುಗಟ್ಟಲೆ ಮೊದಲೇ ರೂಮು ಹುಡುಕುತ್ತಾರೆ. ಫೋಟೊ ನೋಡುತ್ತಾರೆ, ಬೆಲೆ ಹೋಲಿಸುತ್ತಾರೆ, ಬೆಳಗಿನ ತಿಂಡಿ ಸೇರಿದೆಯೇ ಎಂದು ವಿಚಾರಿಸುತ್ತಾರೆ. ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಎಂಬ ಸಾಲನ್ನು ಮಾತ್ರ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲ. ಒಂದು ಜುಲೈನಲ್ಲಿ ಘಾಟಿಯ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಎರಡು ರಾತ್ರಿಯ ಬಾಡಿಗೆ ಪೂರ್ತಿ ಹೋಯಿತು. ಅಂದಿನಿಂದ ಆ ಸಾಲನ್ನೇ ಮೊದಲು ಓದುತ್ತೇನೆ.

1. ಗಡುವಿನ ತಾರೀಖಷ್ಟೇ ಅಲ್ಲ, ಗಂಟೆಯನ್ನೂ ನೋಡಿ. ‘ಫ್ರೀ ಕ್ಯಾನ್ಸಲೇಶನ್’ ಎಂದರೆ ಯಾವಾಗ ಬೇಕಾದರೂ ಉಚಿತ ಎಂದಲ್ಲ. 48 ಗಂಟೆ ಎಂದಿದ್ದರೆ ಸಾಮಾನ್ಯವಾಗಿ ಚೆಕ್-ಇನ್ ಸಮಯದಿಂದ ಹಿಂದಕ್ಕೆ ಎಣಿಸುತ್ತಾರೆ, ನೀವು ತಲುಪುವ ಹೊತ್ತಿನಿಂದಲ್ಲ. ಶನಿವಾರ ಮಧ್ಯಾಹ್ನ 12ಕ್ಕೆ ಚೆಕ್-ಇನ್ ಇದ್ದರೆ ಗುರುವಾರ ಮಧ್ಯಾಹ್ನ 12ಕ್ಕೇ ಗಡುವು ಮುಗಿಯಿತು. ಅಂದು ರಾತ್ರಿ ಮಗುವಿಗೆ ಜ್ವರ ಬಂದರೆ ನಿಯಮ ನಿಮ್ಮ ಪರವಾಗಿಲ್ಲ. ವಿದೇಶದಲ್ಲಾದರೆ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ಅಲ್ಲಿನ ಗಡಿಯಾರ: ಸಿಂಗಪುರದಲ್ಲಿ ನಡುರಾತ್ರಿಯಾದಾಗ ನಮ್ಮಲ್ಲಿ ಇನ್ನೂ ರಾತ್ರಿ ಒಂಬತ್ತೂವರೆ. ಬುಕ್ ಮಾಡಿದ ಕೂಡಲೇ ಗಡುವಿನ ಹಿಂದಿನ ದಿನಕ್ಕೆ ಫೋನಿನಲ್ಲಿ ಅಲಾರಂ ಇಡಿ.

2. ಅಗ್ಗದ ದರಕ್ಕೆ ಒಮ್ಮೆ ಲೆಕ್ಕ ಹಾಕಿ. ಹಣ ವಾಪಸ್ ಬರುವ ರೂಮು 3,000 ರೂಪಾಯಿ, ಬಾರದ ‘ನಾನ್-ರೀಫಂಡಬಲ್’ ರೂಮು 2,600 ಎಂದಿಟ್ಟುಕೊಳ್ಳಿ. ಏಳು ಪ್ರವಾಸಕ್ಕೆ ಅಗ್ಗದ ದರದಲ್ಲಿ 18,200 ಕಟ್ಟುತ್ತೀರಿ. ದುಬಾರಿ ದರದಲ್ಲಿ ಬುಕ್ ಮಾಡಿ ಏಳರಲ್ಲಿ ಒಂದನ್ನು ರದ್ದು ಮಾಡಿದರೂ ಖರ್ಚು 18,000. ವಯಸ್ಸಾದ ತಂದೆತಾಯಿ, ಪರೀಕ್ಷೆಯ ಮಕ್ಕಳು, ರಜೆ ಕೊಡಲು ಹಿಂದೆಮುಂದೆ ನೋಡುವ ಆಫೀಸು ಇರುವ ಮನೆಯಲ್ಲಿ ಏಳಕ್ಕೊಂದು ಪ್ರವಾಸ ತಪ್ಪುವುದು ಹೆಚ್ಚೇನಲ್ಲ. ನಾಳೆಯೇ ಹೊರಡುವುದಾದರೆ ಮಾತ್ರ ನಾನು ಅಗ್ಗದ್ದನ್ನು ಆರಿಸುತ್ತೇನೆ.

3. ಕೊನೆಯ ಪುಟದ ಮೊತ್ತವೇ ನಿಜವಾದ ಬೆಲೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18. ಹಾಗಾಗಿ 7,400ರ ರೂಮಿಗೂ 7,600ರ ರೂಮಿಗೂ ನಡುವೆ ಇರುವುದು 200 ರೂಪಾಯಿ ಅಲ್ಲ, ಸಾವಿರದ ಮೇಲೆ. ಇದರ ಜೊತೆಗೆ ಕನ್ವೀನಿಯನ್ಸ್ ಫೀ ಸೇರುತ್ತದೆ. ರೂಮಿನ ಹಣ ಪೂರ್ತಿ ವಾಪಸ್ ಬಂದರೂ ಇದು ಬಾರದಿರಬಹುದು. ವಿಮೆ, ದೇಣಿಗೆಗಳ ಮುಂದೆ ಮೊದಲೇ ಟಿಕ್ ಹಾಕಿದ್ದರೆ ತೆಗೆಯಿರಿ. ಕೇಳದೆ ಬುಟ್ಟಿಗೆ ಸೇರಿಸುವುದು, ಶುಲ್ಕವನ್ನು ಕೊನೆಯಲ್ಲಿ ತೋರಿಸುವುದು, ‘ಇನ್ನೊಂದೇ ರೂಮು ಉಳಿದಿದೆ’ ಎಂದು ಸುಳ್ಳೇ ಅವಸರಪಡಿಸುವುದು, ಇವೆಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ ಸೇರಿವೆ.

4. ಹೋಟೆಲಿಗೇ ಒಂದು ಫೋನು ಮಾಡಿ. ನೇರವಾಗಿ ಬುಕ್ ಮಾಡಿದರೆ ಎಷ್ಟು, ರದ್ದತಿ ನಿಯಮವೇನು ಎಂದು ಕೇಳಿ. ಎಷ್ಟೋ ಸಲ ದರವೂ ಇಳಿಯುತ್ತದೆ, ನಿಯಮವೂ ಸಡಿಲವಾಗುತ್ತದೆ. ‘ಬನ್ನಿ ಸಾರ್, ನೋಡೋಣ’ ಎಂಬ ಬಾಯಿಮಾತಿಗೆ ಅಡ್ವಾನ್ಸ್ ಕಳಿಸಬೇಡಿ; ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ಆ್ಯಪಿನಲ್ಲಿ ಬುಕ್ ಮಾಡಿದ್ದನ್ನು ಆ್ಯಪಿನಲ್ಲೇ ರದ್ದು ಮಾಡಿ. ರಿಸೆಪ್ಶನ್‌ನವರು ಫೋನಿನಲ್ಲಿ ಹೂಂ ಎಂದಿದ್ದು ಅಲ್ಲಿ ದಾಖಲಾಗುವುದಿಲ್ಲ.

5. ರದ್ದಿಗಿಂತ ಮೊದಲು ತಾರೀಖು ಬದಲಿಸಿಕೊಡಲು ಕೇಳಿ. ಹಣ ಹಿಂದಿರುಗಿಸಲು ಒಪ್ಪದ ಹೋಂಸ್ಟೇಯವರೂ ದಿನ ಮುಂದೂಡಲು ಒಪ್ಪುವುದುಂಟು. ಹಬ್ಬ, ಹೊಸವರ್ಷ, ಉದ್ದನೆಯ ವಾರಾಂತ್ಯಗಳಿಗೆ ಬೇರೆಯೇ ನಿಯಮ ಇರಬಹುದು. ಅದನ್ನು ಬುಕ್ ಮಾಡುವಾಗಲೇ ವಿಚಾರಿಸಿ.

6. ತಡವಾದರೆ ತಿಳಿಸಿ. ಮೊದಲ ರಾತ್ರಿ ಸುದ್ದಿಯಿಲ್ಲದೆ ತಪ್ಪಿಸಿಕೊಂಡರೆ ಅದು ‘ನೋ-ಶೋ’. ಉಳಿದ ರಾತ್ರಿಗಳ ಬುಕಿಂಗೂ ಹೋಗಬಹುದು. ರೈಲು ತಡವಾಗಿದೆ ಎಂಬ ಒಂದು ಮೆಸೇಜ್ ಸಾಕು.

7. ವಿದೇಶಕ್ಕೆ ಹೊರಟರೆ ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ. ಡಾಲರ್ ಅಥವಾ ಯೂರೊದಲ್ಲಿ ಮುಂಗಡ ಕಟ್ಟಿದರೆ ಹಣ ವಾಪಸ್ ಬರುವುದು ರೀಫಂಡ್ ಆಗುವ ದಿನದ ವಿನಿಮಯ ದರದಲ್ಲಿ, ಕಾರ್ಡಿನ ಶುಲ್ಕ ಬೇರೆ. ‘ಪೇ ಅಟ್ ಹೋಟೆಲ್’ ಇದ್ದರೆ ಈ ತಲೆನೋವಿಲ್ಲ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಲಾಸ್ ವೇಗಸ್ ಸುತ್ತುವವರು ‘ರೆಸಾರ್ಟ್ ಫೀ’ ಎಂಬ ಕಡ್ಡಾಯ ಶುಲ್ಕ ತಿಳಿದಿರಬೇಕು. 2025ರ ಮೇ 12ರಿಂದ ಅಲ್ಲಿ ಇಂಥ ಶುಲ್ಕವನ್ನು ಮೊದಲಿಗೇ ಬೆಲೆಯಲ್ಲಿ ಸೇರಿಸಿ ತೋರಿಸಬೇಕು. ತೆರಿಗೆ ಮಾತ್ರ ಆಮೇಲೆ ಸೇರಬಹುದು.

8. ರೀಫಂಡ್ ಸಿಕ್ಕಿಕೊಂಡರೆ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಮೋಸಗಾರರು ಕಾದಿರುವುದು ಅಲ್ಲೇ. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಒತ್ತಿ ಎಂದ ಕೂಡಲೇ ಫೋನಿಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆಮಾಡಿ. ನಿಯಮದ ಪ್ರಕಾರ ಬರಬೇಕಾದ ಹಣವನ್ನು ಕಂಪನಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅದಕ್ಕೆ ಬೇಕಾಗುವ ಮುಖ್ಯ ಸಾಕ್ಷಿ ಬುಕ್ ಮಾಡಿದ ದಿನದ ಆ ರದ್ದತಿ ಸಾಲಿನ ಸ್ಕ್ರೀನ್‌ಶಾಟ್. ಹಣ ಕಟ್ಟುವ ಮುನ್ನವೇ ತೆಗೆದಿಟ್ಟುಕೊಳ್ಳಿ.