ಭೇದಿಯಾದಾಗ ಉಪ್ಪಿನ ಜೊತೆ ಸಕ್ಕರೆ ಏಕೆ ಬೇಕು?



ಮಗುವಿಗೆ ಭೇದಿಯಾದರೆ "ಸಕ್ಕರೆ ಬೇಡ, ಬರೀ ಉಪ್ಪುನೀರು ಕೊಡಿ" ಎನ್ನುವವರಿದ್ದಾರೆ. "ಪ್ಯಾಕೆಟ್ ಜ್ಯೂಸ್ ಕೊಡಿ, ಶಕ್ತಿ ಬರುತ್ತೆ" ಎನ್ನುವವರೂ ಇದ್ದಾರೆ. ಎರಡೂ ತಪ್ಪು. ಏಕೆಂದು ನೋಡೋಣ.

*1. ಜೀವಕೋಶದ ಬಾಗಿಲುಗಳು*
ಪ್ರತಿ ಜೀವಕೋಶದ ಸುತ್ತ ತೆಳುವಾದ ಕೊಬ್ಬಿನ ಪೊರೆ ಇದೆ. ಉಪ್ಪು, ಸಕ್ಕರೆ ಅದನ್ನು ತಾವಾಗಿ ದಾಟಲಾರವು. ದಾಟಿಸಲು ಸಾಗಣೆ ಪ್ರೋಟೀನ್‌ಗಳೆಂಬ ಬಾಗಿಲುಗಳಿವೆ. ವಿಜ್ಞಾನಿಗಳು ಹೋಲಿಕೆ ನೋಡಿ ಇವನ್ನು ಮನೆತನಗಳಾಗಿ ವಿಂಗಡಿಸಿದ್ದಾರೆ. 'ಎಸ್‌ಎಲ್‌ಸಿ' ಗುಂಪೊಂದರಲ್ಲೇ 60ಕ್ಕೂ ಹೆಚ್ಚು ಮನೆತನಗಳು, 400ಕ್ಕೂ ಹೆಚ್ಚು ಪ್ರೋಟೀನ್‌ಗಳಿವೆ. 'ಎಬಿಸಿ' ಇನ್ನೊಂದು ದೊಡ್ಡ ಮನೆತನ.

*2. ಕಾಲರಾದಲ್ಲಿ ಆಗುವುದೇನು?*
ಕಾಲರಾ ವಿಷವು ಎಬಿಸಿ ಮನೆತನದ 'ಸಿಎಫ್‌ಟಿಆರ್' ಬಾಗಿಲನ್ನು ತೆರೆದೇ ಇಡುತ್ತದೆ. ಕ್ಲೋರೈಡ್ ಹೊರಗೆ ಹರಿಯುತ್ತದೆ, ಹಿಂದೆಯೇ ಸೋಡಿಯಂ ಮತ್ತು ನೀರು. ಆದರೆ ಎಸ್‌ಎಲ್‌ಸಿ ಗುಂಪಿನ 'ಎಸ್‌ಜಿಎಲ್‌ಟಿ1' ಬಾಗಿಲು ಕೆಡುವುದಿಲ್ಲ! ಅದು 2 ಸೋಡಿಯಂ ಜೊತೆ 1 ಗ್ಲೂಕೋಸ್ ಬಂದರೆ ಎರಡನ್ನೂ ಒಳಗೆ ಸೇರಿಸುತ್ತದೆ, ನೀರು ಹಿಂಬಾಲಿಸುತ್ತದೆ. ಸಕ್ಕರೆ ಇಲ್ಲದಿದ್ದರೆ ಈ ಬಾಗಿಲು ಕೆಲಸ ಮಾಡದು. ಸಕ್ಕರೆ ಅತಿಯಾದರೆ ಕರುಳೇ ನೀರನ್ನು ಎಳೆದುಕೊಂಡು ಭೇದಿ ಹೆಚ್ಚುತ್ತದೆ.

*3. ಹಳೆಯ ನೆಂಟಸ್ತಿಕೆ*
ಈ ಬಾಗಿಲು ಮನುಷ್ಯರಿಗಷ್ಟೇ ಸೇರಿದ್ದಲ್ಲ. ಕಾಲರಾ ರೋಗಾಣುವಿನ ಬಂಧುವಾದ ಒಂದು ವಿಬ್ರಿಯೋ ಬ್ಯಾಕ್ಟೀರಿಯಾದಲ್ಲೂ ಇದೇ ಮನೆತನದ ಪ್ರೋಟೀನ್ ಇದೆ. 2008ರಲ್ಲಿ ಅದರ ರಚನೆ ತಿಳಿದ ಮೇಲೆ ನಮ್ಮ ಬಾಗಿಲು ಹೇಗೆ ತೆರೆದು ಮುಚ್ಚುತ್ತದೆ ಎಂಬುದು ಸ್ಪಷ್ಟವಾಯಿತು.

*4. ಜೀವ ಉಳಿಸಿದ ಜ್ಞಾನ*
ಸೋಡಿಯಂ-ಗ್ಲೂಕೋಸ್ ಜೋಡಿ ಸಾಗಣೆಯನ್ನು 1960ರಲ್ಲಿ ರಾಬರ್ಟ್ ಕ್ರೇನ್ ಹೇಳಿದರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ನೀರು ಕುಡಿಸಿದರು. ಸುಮಾರು ಶೇ 30 ಇದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು.

*ನೆನಪಿಡಿ* 👇
✅ ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಪುಡಿಯನ್ನೇ ಕೊಳ್ಳಿ, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕರಗಿಸಿ.
✅ ಸಿಗದಿದ್ದರೆ: ಕುದಿಸಿ ಆರಿಸಿದ 1 ಲೀಟರ್ ನೀರು, ಮಟ್ಟಸವಾದ 6 ಟೀ ಚಮಚ ಸಕ್ಕರೆ, ½ ಟೀ ಚಮಚ ಉಪ್ಪು.
✅ ಸ್ವಲ್ಪಸ್ವಲ್ಪವಾಗಿ, ಪದೇ ಪದೇ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ.
🚨 ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪುಟ್ಟ ಮಕ್ಕಳಿರುವ ಮನೆಗಳಿಗೆ ತಪ್ಪದೇ ಕಳಿಸಿ. 🌿