ಲಕ್ವದ ನಂತರ: ಕೈಗೆ ಮತ್ತೆ ಕೆಲಸ ಕಲಿಸುವುದು ಹೇಗೆ?

ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ, 'ಜೀವ ಉಳಿಯುತ್ತದೆಯೇ?' ಎಂಬುದು. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ದಿನಗಳಲ್ಲಿ ಎರಡನೆಯ ಪ್ರಶ್ನೆ ಹುಟ್ಟುತ್ತದೆ: 'ಮತ್ತೆ ದುಡಿಯಲು ಆಗುತ್ತದೆಯೇ?' ದುಡಿಯುವ ಒಂದೇ ಜೋಡಿ ಕೈ ಇರುವ ಮನೆಯಲ್ಲಿ ಎರಡನೆಯ ಪ್ರಶ್ನೆಯೂ ಮೊದಲನೆಯದರಷ್ಟೇ ಭಾರವಾದದ್ದು. ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ತಂದೆತಾಯಿಯ ಔಷಧಿ ಎಲ್ಲವೂ ಆ ಕೈಯನ್ನೇ ನಂಬಿಕೊಂಡಿರುತ್ತವೆ.

ಬೆಂಗಳೂರಿನ ಮಾಗಡಿ ರಸ್ತೆಯ ಬದಿಯ ಕಾಮಾಕ್ಷಿಪಾಳ್ಯದಂತಹ ಬಡಾವಣೆಗಳಲ್ಲಿ ಈ ಮಾತು ಬೇಗ ಅರ್ಥವಾಗುತ್ತದೆ. ಲೇತ್, ಪವರ್ ಪ್ರೆಸ್, ಪ್ಲಾಸ್ಟಿಕ್ ಮೋಲ್ಡಿಂಗ್, ಹೊಲಿಗೆ, ಪ್ಯಾಕಿಂಗ್ ಹೀಗೆ ಅಲ್ಲಿಯ ಸಣ್ಣ ಸಣ್ಣ ಘಟಕಗಳಲ್ಲಿ ನಡೆಯುವುದೆಲ್ಲ ಕೈಗೆಲಸ. ಇಂತಹ ಮನೆಗಳಿಗೆ ಲಕ್ವದ ಪಾಠ ಎಂದರೆ ಬರೀ ಔಷಧಿಯ ಪಾಠವಲ್ಲ. ಸೋತ ಕೈಗೆ ಮತ್ತೆ ಕೆಲಸ ಕಲಿಸುವ ಪಾಠ ಅದು.

ಜೋಮು ಯಾವುದು, ಲಕ್ವ ಯಾವುದು?

ದಿನವಿಡೀ ಒಂದೇ ಬಗೆಯಲ್ಲಿ ಮಣಿಕಟ್ಟು ತಿರುಗಿಸುವವರಿಗೆ ಕೈ ಜೋಮು ಹಿಡಿಯುವುದು ಹೊಸದಲ್ಲ. ಮಣಿಕಟ್ಟಿನಲ್ಲಿ ಹಾದುಹೋಗುವ ನರದ ಮೇಲೆ ಒತ್ತಡ ಬಿದ್ದಾಗ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳುಗಳಲ್ಲಿ ಚುಮುಚುಮು ಎನ್ನುತ್ತದೆ. ಇದು ವಾರ, ತಿಂಗಳುಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ, ಕೈ ಕೊಡವಿದರೆ ಸ್ವಲ್ಪ ಆರಾಮ ಎನಿಸುತ್ತದೆ. ಇದಕ್ಕೂ ವೈದ್ಯರನ್ನು ಕಾಣಬೇಕು, ಆದರೆ ಇದು ಲಕ್ವವಲ್ಲ.

ಲಕ್ವದ ಲಕ್ಷಣ ಬೇರೆ. ಅದು ಹಠಾತ್ತಾಗಿ ಬರುತ್ತದೆ. ಹೆಚ್ಚಾಗಿ ನೋವೇ ಇರುವುದಿಲ್ಲ. ಮುಖದ ಒಂದು ಬದಿ ಜೋಲುತ್ತದೆ, ಒಂದೇ ಬದಿಯ ಕೈ ಅಥವಾ ಕಾಲು ಬಲ ಕಳೆದುಕೊಳ್ಳುತ್ತದೆ, ಮಾತು ತೊದಲುತ್ತದೆ ಅಥವಾ ಬರುವುದೇ ಇಲ್ಲ. ಕೆಲವರಿಗೆ ಇದ್ದಕ್ಕಿದ್ದಂತೆ ಕಣ್ಣು ಮಂಜಾಗುತ್ತದೆ ಅಥವಾ ನಡಿಗೆಯ ತೂಕ ತಪ್ಪುತ್ತದೆ. ಹಲ್ಲು ತೋರಿಸಿ ನಗಲು ಹೇಳಿ, ಎರಡೂ ಕೈ ಮೇಲೆತ್ತಲು ಹೇಳಿ, ಒಂದು ವಾಕ್ಯ ಆಡಲು ಹೇಳಿ. ಮೂರರಲ್ಲಿ ಒಂದು ತಪ್ಪಿದರೂ ತಡಮಾಡಬೇಡಿ. 'ಕೆಲಸದ ಸುಸ್ತು, ಮಲಗಿದರೆ ಸರಿಹೋಗುತ್ತದೆ' ಎಂದುಕೊಂಡು ಮಲಗಿಸುವುದೇ ದೊಡ್ಡ ನಷ್ಟ. ಲಕ್ಷಣಗಳು ಹತ್ತು ನಿಮಿಷದಲ್ಲಿ ತಾವಾಗಿಯೇ ಮಾಯವಾದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಅದು ಮುಂದೆ ಬರಲಿರುವ ದೊಡ್ಡ ಹೊಡೆತದ ಮುನ್ಸೂಚನೆಯಾಗಿರಬಹುದು.

ಮೊದಲ ಗಂಟೆಗಳಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ಸಂಶೋಧಕರ ಲೆಕ್ಕ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಆದ್ದರಿಂದ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತು ಎಷ್ಟು ಎಂಬುದನ್ನು ನೆನಪಿಟ್ಟು ವೈದ್ಯರಿಗೆ ಹೇಳಿ.

ರೋಗಿಯ ಬಾಯಿಗೆ ಏನನ್ನೂ ಹಾಕಬೇಡಿ. ನೀರು, ಜೇನು, ಮಾತ್ರೆ ಯಾವುದೂ ಬೇಡ. ಪ್ರೀತಿಯಿಂದ, ನಂಬಿಕೆಯಿಂದ ಕುಡಿಸುವ ಝಮ್‌ಝಮ್ ನೀರೂ ಆ ಹೊತ್ತಿಗೆ ಬೇಡ. ಲಕ್ವದಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ. ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನುಂಗಬಲ್ಲರೆಂದು ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆ ಕುಡಿಸಿದರಾಯಿತು. ಮನೆಯಲ್ಲಿರುವ ಆಸ್ಪಿರಿನ್ ಕೂಡ ಕೊಡಬೇಡಿ. ಕೆಲವು ಲಕ್ವಗಳಿಗೆ ರಕ್ತನಾಳ ಒಡೆದದ್ದು ಕಾರಣವಾಗಿರುತ್ತದೆ, ಅದು ಸ್ಕ್ಯಾನ್‌ನಲ್ಲಿ ಮಾತ್ರ ತಿಳಿಯುತ್ತದೆ. ಪಾರಿವಾಳದ ರಕ್ತ ಹಚ್ಚುವುದು, ಎಣ್ಣೆ ತಿಕ್ಕಿಸಲು ದೂರದ ಊರಿಗೆ ಕರೆದೊಯ್ಯುವುದು, ಇವುಗಳಲ್ಲಿ ಕಳೆದ ಗಂಟೆಗಳು ಮರಳಿ ಸಿಗುವುದಿಲ್ಲ.

ಮಿದುಳು ಮತ್ತೆ ಹೇಗೆ ಕಲಿಯುತ್ತದೆ?

ಸತ್ತ ನರಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ಆದರೆ ಉಳಿದ ಭಾಗಗಳು ಹೊಸ ಸಂಪರ್ಕಗಳನ್ನು ಮಾಡಿಕೊಂಡು ಕಳೆದುಹೋದ ಕೆಲಸದ ಒಂದಿಷ್ಟನ್ನು ವಹಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದದ್ದು ಅಭ್ಯಾಸ. ಅದೂ ಕೈಯನ್ನು ಸುಮ್ಮನೆ ಆಡಿಸುವ ಅಭ್ಯಾಸವಲ್ಲ, ಲೋಟ ಹಿಡಿಯುವ, ಗುಂಡಿ ಹಾಕುವ, ಕುರ್ಚಿಯಿಂದ ಏಳುವ ನಿಜವಾದ ಕೆಲಸದ ಅಭ್ಯಾಸ. ಅದನ್ನೇ ಮತ್ತೆ ಮತ್ತೆ ಮಾಡಬೇಕು.

ರೋಗಿ ತನ್ನ ಸೋತ ಕೈಯನ್ನು ಬಿಟ್ಟು ಒಳ್ಳೆಯ ಕೈಯಿಂದಲೇ ಎಲ್ಲ ಮಾಡತೊಡಗಿದರೆ, ಸೋತ ಕೈಯನ್ನು ಮಿದುಳು ಮರೆತೇಬಿಡುತ್ತದೆ. ಇದನ್ನು ತಡೆಯಲು ಅಮೆರಿಕದಲ್ಲಿ 222 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಲಕ್ವವಾಗಿ 3ರಿಂದ 9 ತಿಂಗಳು ಕಳೆದಿದ್ದ ಅವರಲ್ಲಿ ಒಂದು ಗುಂಪಿನವರ ಒಳ್ಳೆಯ ಕೈಗೆ ಎರಡು ವಾರ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಲಾಯಿತು. ಉಳಿದವರಿಗಿಂತ ಅವರ ಕೈ ಹೆಚ್ಚು ಸುಧಾರಿಸಿತು. ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು. ಆದರೆ ಮಣಿಕಟ್ಟು, ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಇದ್ದವರಿಗೆ ಮಾತ್ರ ಈ ವಿಧಾನ ಹೊಂದುತ್ತದೆ. ಥೆರಪಿಸ್ಟರನ್ನು ಕೇಳದೆ ಮನೆಯಲ್ಲಿ ಕೈ ಕಟ್ಟಿಹಾಕಬೇಡಿ.

ಹಾಗೆಂದು ಮೊದಲ ದಿನವೇ ಎಬ್ಬಿಸಿ ನಡೆಸುವುದೂ ಸರಿಯಲ್ಲ. 2015ರಲ್ಲಿ ಪ್ರಕಟವಾದ, 2104 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ ಮೊದಲ 24 ಗಂಟೆಯೊಳಗೇ ಹೆಚ್ಚು ಹೊತ್ತು ಎಬ್ಬಿಸಿ ವ್ಯಾಯಾಮ ಮಾಡಿಸಿದವರ ಫಲಿತಾಂಶ ಸಾಮಾನ್ಯ ಆರೈಕೆ ಪಡೆದವರಿಗಿಂತ ಕಡಿಮೆ ಇತ್ತು. ಯಾವಾಗ, ಎಷ್ಟು ಎಂಬುದನ್ನು ವೈದ್ಯರು ಹೇಳಲಿ.

ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ನಂತರ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. 'ಆರು ತಿಂಗಳಾಯಿತು, ಇನ್ನೇನೂ ಆಗದು' ಎಂದು ಕೈ ಚೆಲ್ಲಬೇಡಿ.

ಸೇವೆ ಎಂದರೆ ಎಲ್ಲವನ್ನೂ ನಾವೇ ಮಾಡುವುದಲ್ಲ

ನಮ್ಮ ಮನೆಗಳಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವುದು ಪುಣ್ಯದ ಕೆಲಸ. ತಂದೆಗೆ ತುತ್ತು ಉಣಿಸುವುದು, ಬಟ್ಟೆ ಹಾಕುವುದು, ತಲೆ ಬಾಚುವುದು, ಇದರಲ್ಲಿ ಪ್ರೀತಿಯಿದೆ. ಆದರೆ ಅವರಿಂದ ಆಗುವುದನ್ನೂ ನಾವೇ ಮಾಡಿಬಿಟ್ಟರೆ ಅವರ ಕೈಗೆ ಸಿಗಬೇಕಾದ ಅಭ್ಯಾಸವನ್ನು ಕಸಿದುಕೊಂಡಂತೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಹತ್ತು ನಿಮಿಷ ಬೇಕಾದರೆ, ಹತ್ತು ನಿಮಿಷ ಪಕ್ಕದಲ್ಲಿ ಕುಳಿತಿರುವುದೇ ಸೇವೆ.

ದಿನಚರಿಯಲ್ಲಿ ಇವನ್ನು ಪಾಲಿಸಿ:

• ಅಂಗಿ ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಒಳ್ಳೆಯ ಕೈ ಮೊದಲು.

• ಎಬ್ಬಿಸುವಾಗ ಸೋತ ತೋಳನ್ನು ಹಿಡಿದು ಎಳೆಯಬೇಡಿ. ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋಯಬಹುದು.

• ಗಟ್ಟಿ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದನ್ನು, ಹತ್ತಿರ ಒಬ್ಬರು ನಿಂತು, ಥೆರಪಿಸ್ಟ್ ಹೇಳಿದಷ್ಟು ಬಾರಿ ದಿನವೂ ಮಾಡಿಸಿ.

• ಸ್ನಾನಕ್ಕೆ, ವುಝೂಗೆ ನೀರಿನ ಬಿಸಿಯನ್ನು ಒಳ್ಳೆಯ ಕೈಯಿಂದ ನೋಡಬೇಕು. ಸೋತ ಕೈಗೆ ಬಿಸಿ ತಿಳಿಯದೆ ಸುಟ್ಟುಕೊಳ್ಳಬಹುದು.

• ಬಚ್ಚಲಲ್ಲಿ ಜಾರದಂತೆ ಚಾಪೆ, ಹಿಡಿದುಕೊಳ್ಳಲು ಕಂಬಿ, ಕುಳಿತುಕೊಳ್ಳಲು ಸ್ಟೂಲು ಇರಲಿ.

ವುಝೂ ದಿನಕ್ಕೆ ಹಲವು ಬಾರಿ ಸಿಗುವ ಒಳ್ಳೆಯ ಅಭ್ಯಾಸ. ಕುಳಿತುಕೊಂಡು, ಸೋತ ಕೈಯಲ್ಲಿ ಮಗ್ಗನ್ನು ಹಿಡಿಸಿ, ಒಳ್ಳೆಯ ಕೈ ಅದಕ್ಕೆ ಆಸರೆಯಾಗಲಿ. ಮುಖದವರೆಗೆ ಕೈ ಎತ್ತುವುದು, ಬೆರಳು ಬಿಡಿಸುವುದು ಎಲ್ಲ ಅದರಲ್ಲಿದೆ. ನಿಂತು ಆಗದವರು ಕುಳಿತು, ಕುಳಿತೂ ಆಗದವರು ಮಲಗಿ ನಮಾಝ್ ಮಾಡಬಹುದೆಂಬ ರಿಯಾಯಿತಿ ಎಲ್ಲರಿಗೂ ಗೊತ್ತಿದ್ದದ್ದೇ. ಆ ರಿಯಾಯಿತಿಯನ್ನು ಸಂಕೋಚವಿಲ್ಲದೆ ಬಳಸಲಿ. ತೂಕ ತಪ್ಪುವವರನ್ನು ಸುಜೂದ್‌ಗೆ ಬಗ್ಗಲು ಒತ್ತಾಯಿಸಬೇಡಿ.

ಮನೆಯವರ ಶ್ರಮಕ್ಕೆ ಒಂದು ಮಿತಿಯಿದೆ ಎಂಬುದೂ ತಿಳಿದಿರಲಿ. ಭಾರತದ 14 ಆಸ್ಪತ್ರೆಗಳ 1250 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಮನೆಯವರಿಗೆ ವ್ಯಾಯಾಮ ಕಲಿಸಿ ಕಳುಹಿಸಿದ ಗುಂಪಿನಲ್ಲೂ, ಸಾಮಾನ್ಯ ಆರೈಕೆಯ ಗುಂಪಿನಲ್ಲೂ ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರನ್ನು ಅವಲಂಬಿಸಿದವರು ಶೇ. 47ರಷ್ಟೇ ಇದ್ದರು. ಮನೆಯವರ ಆರೈಕೆ ಬೇಕೇ ಬೇಕು, ಆದರೆ ತಜ್ಞರ ಜಾಗವನ್ನು ಅದೊಂದೇ ತುಂಬಲಾರದು. ಫಿಸಿಯೋಥೆರಪಿಯನ್ನು ನಡುವೆ ಬಿಡಬೇಡಿ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಮಾತು ಕಳೆದುಕೊಂಡವರೊಡನೆ

ಕೆಲವರಿಗೆ ಮಾತು ಹೋಗುತ್ತದೆ, ಬುದ್ಧಿ ಹೋಗಿರುವುದಿಲ್ಲ. ಅವರ ಎದುರಿಗೇ 'ಇವರಿಗೆ ಏನೂ ತಿಳಿಯುವುದಿಲ್ಲ' ಎನ್ನಬೇಡಿ. ಮನೆಯಲ್ಲಿ ಉರ್ದು, ಕೆಲಸದಲ್ಲಿ ಕನ್ನಡ ಆಡುತ್ತಿದ್ದವರಿಗೆ ಒಂದು ಭಾಷೆ ಮೊದಲು, ಇನ್ನೊಂದು ತಡವಾಗಿ ಮರಳಬಹುದು. ನೀರು ಕೇಳಲು ಪದ ಸಿಗದವರು ಬಾಯಿಪಾಠವಿರುವ ಸೂರಾವನ್ನು ಸರಾಗವಾಗಿ ಓದಬಹುದು, ಒಂದರಿಂದ ಹತ್ತು ಎಣಿಸಬಹುದು. ಅದು ನಾಟಕವಲ್ಲ. ರೂಢಿಯಿಂದ ಬರುವ ಮಾತಿಗೂ ಯೋಚಿಸಿ ಆಡುವ ಮಾತಿಗೂ ಮಿದುಳಿನ ದಾರಿ ಬೇರೆ. ಸಣ್ಣ ವಾಕ್ಯದಲ್ಲಿ ಕೇಳಿ, ಉತ್ತರಕ್ಕೆ ಕಾಯಿರಿ, ವಾಕ್ ಚಿಕಿತ್ಸಕರಿಗೆ ತೋರಿಸಿ.

ಲಕ್ವವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅಳು, ಸಿಡುಕು, ವ್ಯಾಯಾಮಕ್ಕೆ ಒಲ್ಲೆನೆನ್ನುವುದು ಅದರ ಗುರುತಿರಬಹುದು. ಈಮಾನ್ ಕಡಿಮೆಯಾಯಿತೆಂದು ದೂರಬೇಡಿ. ಅದಕ್ಕೂ ಚಿಕಿತ್ಸೆಯಿದೆ.

ಮತ್ತೆ ಕೆಲಸಕ್ಕೆ

ನಡೆಯಲು ಬಂತೆಂದು ನೇರವಾಗಿ ಯಂತ್ರದ ಮುಂದೆ ನಿಲ್ಲಬಾರದು. ಲಕ್ವದ ನಂತರ ಕೆಲವರಿಗೆ ಒಂದು ಬದಿಯ ನೋಟ ಇರುವುದಿಲ್ಲ, ಕೆಲವರ ಗಮನಕ್ಕೆ ಎಡಬದಿ ಬರುವುದೇ ಇಲ್ಲ. ಕೈ ಹಿಂದೆಗೆದುಕೊಳ್ಳುವ ವೇಗ ತಗ್ಗಿರುತ್ತದೆ. ಪವರ್ ಪ್ರೆಸ್ ಮುಂದೆ ಇದರ ಬೆಲೆ ಬೆರಳುಗಳೇ ಆಗಬಹುದು. ಕಣ್ಣು, ಗಮನ, ಕೈಬಲವನ್ನು ಪರೀಕ್ಷಿಸಿ ವೈದ್ಯರು ಒಪ್ಪಿದ ಮೇಲೆ ಮೊದಲು ದಿನಕ್ಕೆ ಎರಡು ಮೂರು ಗಂಟೆ, ಮಾಲು ಪರಿಶೀಲನೆ, ಎಣಿಕೆ, ಪ್ಯಾಕಿಂಗ್‌ನಂತಹ ಕೆಲಸದಿಂದ ಆರಂಭಿಸಿ. ಮಾಲೀಕರೊಡನೆ ಕುಟುಂಬದವರೂ ಹೋಗಿ ಮಾತನಾಡಿ. ಕೈಚಳಕ ಕುಗ್ಗಿದರೂ ಇಪ್ಪತ್ತು ವರ್ಷದ ಕೆಲಸದ ಅನುಭವ ತಲೆಯಲ್ಲಿರುತ್ತದೆ, ಹೊಸಬರಿಗೆ ಕಲಿಸಲು ಅದು ಬೇಕು.

ಸಂಬಳದಿಂದ ಇಎಸ್‌ಐ ಕಡಿತವಾಗುತ್ತಿದೆಯೇ ಎಂದು ಇಂದೇ ನೋಡಿಕೊಳ್ಳಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ ನೌಕರರು ಅದರ ವ್ಯಾಪ್ತಿಗೆ ಬರುತ್ತಾರೆ. ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70 ಸಿಗುತ್ತದೆ. ಅರ್ಧಾಂಗ ಲಕ್ವವೂ ಸೇರಿದಂತೆ ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ವಿಮೆಯಲ್ಲಿದ್ದು ನಿಗದಿತ ವಂತಿಗೆ ಕಟ್ಟಿದವರಿಗೆ, ಶೇ. 80ರಂತೆ ಗರಿಷ್ಠ ಎರಡು ವರ್ಷದವರೆಗೆ ಸಿಗುವ ಅವಕಾಶವಿದೆ. ಕಾಮಾಕ್ಷಿಪಾಳ್ಯದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರವೇ ಇದೆ. ವೈದ್ಯರ ಪ್ರಮಾಣಪತ್ರಗಳನ್ನು ಒಂದೂ ಕಳೆಯದೆ ಜೋಪಾನವಾಗಿಡಿ.

ಇನ್ನೊಮ್ಮೆ ಬಾರದಂತೆ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ತಿಳಿಸಿದಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಲಕ್ವದ ಅಪಾಯ ಶೇ. 35ರಷ್ಟು ಹೆಚ್ಚು. ದಿನಕ್ಕೆ ಹತ್ತು ಗಂಟೆಯಂತೆ ಆರು ದಿನ ಎಂದರೆ ಅರವತ್ತು ಗಂಟೆ! ಓಟಿ ಹಣದಿಂದ ಮನೆ ನಡೆಯುತ್ತದೆ ನಿಜ. ಆದರೆ ಲಕ್ವವಾದರೆ ಓಟಿಯ ಜೊತೆ ಸಂಬಳವೂ ನಿಲ್ಲುತ್ತದೆ.

ಲಕ್ವದ ಅತಿ ದೊಡ್ಡ ಕಾರಣ ಅಧಿಕ ರಕ್ತದೊತ್ತಡ. ಅದಕ್ಕೆ ಹೆಚ್ಚಾಗಿ ಯಾವ ಲಕ್ಷಣವೂ ಇರುವುದಿಲ್ಲ. ನಿಮ್ಮ ಬಡಾವಣೆಯ 'ನಮ್ಮ ಕ್ಲಿನಿಕ್' ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ. 'ಈಗ ನಾರ್ಮಲ್ ಇದೆ' ಎಂದು ಮಾತ್ರೆ ನಿಲ್ಲಿಸಬೇಡಿ, ನಾರ್ಮಲ್ ಇರುವುದು ಮಾತ್ರೆಯಿಂದಲೇ. ಬೀಡಿ, ಸಿಗರೇಟು, ತಂಬಾಕು ಬಿಡಿ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಹೆಚ್ಚಿರುವ ಊಟ ಕಡಿಮೆ ಮಾಡಿ.

ಲಕ್ವವಾದವರು ರಮಝಾನ್ ಬರುವುದಕ್ಕೆ ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಾಣಲಿ. ಉಪವಾಸ ಹಿಡಿಯಬಹುದೇ, ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಕೇಳಲಿ. ಬೇಡವೆಂದರೆ, ಕಾಯಿಲೆಯವರಿಗೆ ಧರ್ಮವೇ ಕೊಟ್ಟಿರುವ ವಿನಾಯಿತಿ ಇದೆ.

ಈ ವಾರ ಮನೆಯಲ್ಲಿ ಮಾಡಿ ನೋಡಿ

1. ಮುಖ, ಕೈ, ಮಾತು ಎಂಬ ಮೂರು ಪರೀಕ್ಷೆಗಳನ್ನು ಮಕ್ಕಳಿಗೂ ಕಲಿಸಿ. 108 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ.

2. ಮನೆಯ ದುಡಿಯುವವರೆಲ್ಲರ ಬಿಪಿ ನೋಡಿಸಿ, ಒಂದು ಪುಸ್ತಕದಲ್ಲಿ ಬರೆಯಿರಿ.

3. ದುಡಿಯುವವರ ವಾರದ ಕೆಲಸದ ಗಂಟೆಗಳನ್ನು ಕೂಡಿಸಿ ನೋಡಿ. ಅದು 55 ದಾಟಿದ್ದರೆ ಎಲ್ಲಿ ಕಡಿಮೆ ಮಾಡಬಹುದೆಂದು ಒಟ್ಟಿಗೆ ಕುಳಿತು ಮಾತನಾಡಿ.

4. ಮನೆಯಲ್ಲಿ ಲಕ್ವವಾದವರಿದ್ದರೆ, ಇಲ್ಲಿಯವರೆಗೆ ನೀವೇ ಮಾಡಿಕೊಡುತ್ತಿದ್ದ ಒಂದು ಸಣ್ಣ ಕೆಲಸವನ್ನು ಅವರ ಕೈಗೆ ಮರಳಿಸಿ. ಅದು ಚಹಾದ ಲೋಟವಾಗಿರಬಹುದು, ಅಂಗಿಯ ಗುಂಡಿಯಾಗಿರಬಹುದು. ಅವರು ಅದನ್ನು ಮಾಡಿ ಮುಗಿಸುವವರೆಗೆ ಅವಸರ ಮಾಡದೆ ಜೊತೆಗಿರಿ.