ಗುಟ್ಟಿಗೆ ಇಂಗ್ಲಿಷಿನಲ್ಲಿ ಐದು ಹೆಸರು

ಪ್ಲೇಸ್‌ಮೆಂಟ್ ಟೆಸ್ಟ್‌ಗೆ ಓದುವಾಗ ಕವರ್ಟ್, ಕ್ಲ್ಯಾಂಡೆಸ್ಟಿನ್, ಫರ್ಟಿವ್, ಲೇಟೆಂಟ್, ಸಬ್‌ಟೆರೇನಿಯನ್ ಎಲ್ಲಕ್ಕೂ ‘ಸೀಕ್ರೆಟ್’ ಅಂತಲೇ ಬಾಯಿಪಾಠ ಮಾಡಿದ್ರೆ, ಆಪ್ಷನ್ ಎದುರು ಬಂದಾಗ ತಲೆ ಕೆಡುತ್ತೆ. ಅಡಗಿರೋದು ಏನು, ಯಾರಿಂದ, ಯಾಕೆ ಅಂತ ಕೇಳಿಕೊಳ್ಳಿ. ಆಗ ಐದೂ ಬೇರೆ ಬೇರೆ ಆಗ್ತವೆ. ಉದಾಹರಣೆಗೆ ದೂರ ಹೋಗೋದು ಬೇಡ, ನಮ್ಮ ಜಿಲ್ಲೆಯಲ್ಲೇ ಇವೆ.

1. ಸಬ್‌ಟೆರೇನಿಯನ್: ಲ್ಯಾಟಿನ್‌ನಲ್ಲಿ ‘ಸಬ್’ ಅಂದ್ರೆ ಕೆಳಗೆ, ‘ಟೆರ್ರಾ’ ಅಂದ್ರೆ ನೆಲ. ಬೀದರಿನ ನೌಬಾದ್ ಕರೇಜ್ ನೋಡಿ. 15ನೇ ಶತಮಾನದ ಬಹಮನಿ ಕಾಲದ ಸುರಂಗ. ಪಂಪ್ ಇಲ್ಲದೆ, ಇಳಿಜಾರಿನ ಬಲದಿಂದಲೇ ನೀರು ಹರಿಯುವ ಡಿಸೈನ್. ಮೇಲೆ ಕಾಣೋದು ಬಾವಿಯಂಥ ಬಾಯಿಗಳು ಮಾತ್ರ. ಇಲ್ಲಿ ಯಾರೂ ಏನೂ ಮುಚ್ಚಿಡ್ತಿಲ್ಲ, ನೆಲದ ಕೆಳಗಿದೆ ಅಷ್ಟೇ.

2. ಲೇಟೆಂಟ್: ಸುಪ್ತ. ಇದೆ, ಇನ್ನೂ ಹೊರಗೆ ಬಂದಿಲ್ಲ. ಬಿದ್ರಿಯಲ್ಲಿ ಸತು-ತಾಮ್ರದ ಲೋಹದೊಳಗೆ ಬೆಳ್ಳಿ ತಂತಿ ಕೂರಿಸಿ ಉಜ್ಜಿದಾಗ ಹೂಬಳ್ಳಿ ಸರಿಯಾಗಿ ಕಾಣಲ್ಲ. ಕೋಟೆಯ ಮಣ್ಣು, ನವಸಾಗರ ಸೇರಿಸಿ ಹಚ್ಚಿದ ಮೇಲೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಹೊಳೆಯುತ್ತೆ. ಲೇಟೆಂಟ್ ಹೀಟ್ ಕೂಡ ಹೀಗೇ: ಐಸ್ ಕರಗುವಾಗ ಶಾಖ ಒಳಗೆ ಹೋಗ್ತಾನೇ ಇರುತ್ತೆ, ಥರ್ಮಾಮೀಟರ್ 0 ಡಿಗ್ರಿ ಬಿಟ್ಟು ಕದಲಲ್ಲ.

3. ಕವರ್ಟ್: ಮೇಲೊಂದು ಮುಸುಕು ಹಾಕಿದ್ದು. ಫ್ರೆಂಚ್ ಮೂಲದ ಅರ್ಥವೇ ‘ಮುಚ್ಚಿದ’. ವಿರುದ್ಧಪದ ಓವರ್ಟ್. 1948ರವರೆಗೆ ಬೀದರ್ ನಿಜಾಮರ ಆಳ್ವಿಕೆಯಲ್ಲಿತ್ತು, ಆಡಳಿತದ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ಆಗ ಔರಾದ್ ಕಡೆಗೆ ಸೇರಿದ್ದ ಕಮಲನಗರದಲ್ಲಿ. ಅವರ ಶಾಲೆಯಲ್ಲಿ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಆ ಬೋರ್ಡೇ ಕವರ್.

4. ಕ್ಲ್ಯಾಂಡೆಸ್ಟಿನ್: ಕದ್ದುಮುಚ್ಚಿ ನಡೆಸಿದ್ದು, ಗೊತ್ತಾದ್ರೆ ತೊಂದರೆ ಆಗುವಂಥದ್ದು. ಬೋರ್ಡು ಕವರ್ಟ್ ಆದ್ರೆ, ಅದರ ಹಿಂದಿನ ಪಾಠ ಕ್ಲ್ಯಾಂಡೆಸ್ಟಿನ್. ಪದ ಕೆಟ್ಟದಾಗಿ ಕೇಳಿಸುತ್ತೆ, ಕೆಲಸ ಕೆಟ್ಟದ್ದೇ ಆಗಬೇಕಿಲ್ಲ.

5. ಫರ್ಟಿವ್: ಲ್ಯಾಟಿನ್‌ನ ‘ಫುರ್’ ಅಂದ್ರೆ ಕಳ್ಳ. ಕನ್ನಡದಲ್ಲೂ ನಾವು ‘ಕಳ್ಳನೋಟ’ ಅಂತೀವಲ್ಲ, ಅದೇ. ಕ್ಲಾಸ್‌ನಲ್ಲಿ ಕನ್ನಡದಲ್ಲಿ ಡೌಟ್ ಕೇಳುವ ಮುಂಚೆ ಎಷ್ಟೋ ಜನ ಅತ್ತಿತ್ತ ನೋಡ್ತೀವಿ. ಆ ನೋಟ ಫರ್ಟಿವ್. ಪಟ್ಟದ್ದೇವರು ಕನ್ನಡ ಮುಚ್ಚಿಟ್ಟಿದ್ದು ಅದು ಉಳಿಯಲಿ ಅಂತ. ನಾವು ಮುಚ್ಚಿಡೋದು ನಾಚಿಕೆಗೆ. ಈಗ ಬೋರ್ಡಿನ ಮರೆ ಯಾರಿಗೂ ಬೇಕಾಗಿಲ್ಲ.

ಈಗ ನೀವು ಹೇಳಿ, ಯಾವುದಕ್ಕೆ ಯಾವ ಪದ?

ಅ) ಟೆಸ್ಟ್ ಮಾಡುವವರೆಗೆ ಕೋಡ್‌ನಲ್ಲಿ ಸುಮ್ಮನೆ ಕೂತಿದ್ದ ಬಗ್.
ಆ) ಮಫ್ತಿಯಲ್ಲಿ ಬಂದ ಪೊಲೀಸರ ಕಾರ್ಯಾಚರಣೆ.
ಇ) ಬೇಡ ಅಂದಿದ್ರೂ ಹಾಸ್ಟೆಲ್‌ನಲ್ಲಿ ಮಧ್ಯರಾತ್ರಿ ಗುಟ್ಟಾಗಿ ನಡೆಯುವ ಸಭೆ.
ಈ) ಎಕ್ಸಾಂ ಹಾಲ್‌ನಲ್ಲಿ ಪಕ್ಕದವರ ಪೇಪರ್ ಮೇಲೆ ಹರಿದ ಕಣ್ಣು.

ಉತ್ತರ: ಅ) ಲೇಟೆಂಟ್ ಆ) ಕವರ್ಟ್ ಇ) ಕ್ಲ್ಯಾಂಡೆಸ್ಟಿನ್ ಈ) ಫರ್ಟಿವ್. ನಾಲ್ಕೂ ಸರಿ ಬಂದ್ರೆ ಐದನೆಯದಕ್ಕೆ ಭಾನುವಾರ ಒಮ್ಮೆ ನೌಬಾದ್ ಕಡೆ ಹೋಗಿ ಬನ್ನಿ.